ಹಾಲು-ಮೊಸರೂ ಬಿಟ್ಟು ಬರೀ ಹಸಿ ತರಕಾರಿ, ಹಣ್ಣು, ಮೊಳಕೆಕಾಳು ತಿಂದರೆ ಪೋಷಕಾಂಶ ಸಾಕಾಗುತ್ತಾ?

ವಿಟಮಿನ್ ಬಿ12 ಒಂದು ಬಿಟ್ಟರೆ ಉಳಿದ ಬಹುತೇಕಕ್ಕೆ ದಾರಿ ಇದೆ. ಬಿ12 ತಯಾರಿಸೋದು ಬ್ಯಾಕ್ಟೀರಿಯಾ. ಸೊಪ್ಪು, ಕಾಳು, ಹಣ್ಣು ಯಾವುದರಲ್ಲೂ ನಂಬುವಷ್ಟು ಸಿಗಲ್ಲ. ದಿನಕ್ಕೆ ಬೇಕಾಗೋದು 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಅಷ್ಟೇ, ಆದರೆ ಹಾಲನ್ನೂ ಬಿಟ್ಟವರಿಗೆ ಮಾತ್ರೆಯೇ ಗತಿ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತೆ. ಹಾಗಾಗಿ ‘ವರ್ಷದಿಂದ ಆರಾಮಾಗಿದ್ದೀನಿ’ ಅನ್ನೋರ ಮಾತಿಗೆ ಬೆಲೆ ಕೊಡಬೇಡಿ. ಸೊಪ್ಪು-ಕಾಳಿನಲ್ಲಿರುವ ಫೋಲೇಟ್ (ಇನ್ನೊಂದು ಬಿ ವಿಟಮಿನ್) ಹೇರಳವಾಗಿದ್ದರೆ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ಕೈಕಾಲು ಜೋಮು ಹಿಡಿದ ಮೇಲಷ್ಟೇ ಕೊರತೆ ಗೊತ್ತಾಗಬಹುದು.

ಕಬ್ಬಿಣಕ್ಕೆ ಹೆಸರುಬೇಳೆ ಕೋಸಂಬರಿ ಒಳ್ಳೇದು: ನೆನೆಸಿದಾಗ ಕಬ್ಬಿಣದ ಹೀರಿಕೆಗೆ ಅಡ್ಡಿಯಾಗುವ ಫೈಟೇಟ್ ಕಡಿಮೆಯಾಗುತ್ತೆ, ಮೇಲೆ ಹಿಂಡುವ ನಿಂಬೆರಸ ಹೀರಿಕೆಗೆ ನೆರವು. ಊಟದ ಬೆನ್ನಿಗೇ ಕಾಫಿ ಕುಡಿದು ಆ ಲಾಭ ಕಳಕೋಬೇಡಿ.

ಪೂರ್ತಿ ಹಸಿಯೇ ಬೇಕೆಂಬ ಹಠ ಮಾತ್ರ ನನಗೆ ಹಿಡಿಸದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಬಿಟ್ಟರೆ ಅಷ್ಟು ಅಗ್ಗವಾಗಿ ಇನ್ನೆಲ್ಲಿ ಸಿಗುತ್ತೆ? (ಎಳ್ಳಿನಲ್ಲಿ ಇದೆ, ಆದರೆ ಎಷ್ಟೂಂತ ತಿಂತೀರಿ.) ರಾಜ್ಮಾ ಅಂತೂ ಮೊಳಕೆ ಬರಿಸಿದರೂ ಹಸಿ ತಿನ್ನಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ ತರಿಸುತ್ತೆ. ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗೆ ಬೇಯಿಸಿ.