ಗಂಟಲಲ್ಲಿ ಗೊರಗೊರ ಸದ್ದು ಬಂದರೆ 108ಕ್ಕೆ ಕರೆಯಬೇಕೇ?

ಪ್ರಶ್ನೆ: ಅಪ್ಪನಿಗೆ 74 ವರ್ಷ, ಕ್ಯಾನ್ಸರ್. ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಅಂದಿದ್ದಾರೆ ಮಂಗಳೂರಿನ ಡಾಕ್ಟರು. ಕೊನೆಗೆ ಗಂಟಲಲ್ಲಿ ಗೊರಗೊರ ಸದ್ದು ಬರುತ್ತದಂತೆ. ಆಗ 108ಕ್ಕೆ ಫೋನ್ ಮಾಡಬೇಕೇ?
– ಓದುಗರೊಬ್ಬರು, ಪೆರ್ಲ (ಕಾಸರಗೋಡು, ಕೇರಳ)

ಉತ್ತರ: ಹನ್ನೊಂದು ವರ್ಷ ಆಂಬುಲೆನ್ಸಿನಲ್ಲಿ ನರ್ಸಾಗಿದ್ದವನು ನಾನು. ಅರ್ಧರಾತ್ರಿ ನಮ್ಮನ್ನು ಓಡಿಸಿದ್ದು ಜಾಸ್ತಿ ಇದೇ ಸದ್ದು. ನುಂಗುವ, ಕೆಮ್ಮುವ ಶಕ್ತಿ ಹೋದಾಗ ಎಂಜಲು ಗಂಟಲಲ್ಲೇ ನಿಲ್ಲುತ್ತದೆ, ಉಸಿರು ಅದರ ಮೇಲೆ ಹಾದು ಹೋಗುತ್ತದೆ, ಅಷ್ಟೆ. ಕೇಳುವವರಿಗೆ ಆಗುವ ಸಂಕಟ ಆ ಹೊತ್ತಿಗೆ ಎಚ್ಚರ ತಪ್ಪಿರುವ ರೋಗಿಗೆ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ತಲೆ ಸ್ವಲ್ಪ ಎತ್ತರಿಸಿ. ತುಳಸಿ ನೀರು ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಹತ್ತಿ ಅದ್ದಿ ತುಟಿಗೆ ಒತ್ತಿ. ಶಾಸ್ತ್ರಕ್ಕೂ ಅಷ್ಟು ಸಾಕಲ್ವಾ?

108ಕ್ಕೆ ಕರೆದರೆ ಬಂದೇ ಬರುತ್ತಾರೆ. ಆದರೆ ಕಾಯಿಲೆಯ ವಿಚಾರ ಗೊತ್ತಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿಸುತ್ತಾರೆ, ಉಸಿರು ನಿಂತರೆ ಎದೆ ಒತ್ತುತ್ತಾರೆ. ಡಿಸ್ಚಾರ್ಜ್ ಕಾಗದ ಅಪ್ಪನ ದಿಂಬಿನ ಹತ್ತಿರವೇ ಇರಲಿ. ಅದಕ್ಕೂ ಮೊದಲು ನಾಳೆಯೇ ಆರೋಗ್ಯ ಕೇಂದ್ರಕ್ಕೆ ಹೋಗಿ ಪಂಚಾಯತಿನ ಪಾಲಿಯೇಟಿವ್ ನರ್ಸಿನ (ಗುಣವಾಗದ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ನರ್ಸು) ಹತ್ತಿರ ಹೆಸರು ಬರೆಸಿ. ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿದೆ, ಈ ನರ್ಸು ಮನೆಗೇ ಬರುತ್ತಾರೆ. ನೋವು ಜಾಸ್ತಿಯಾದರೆ ಮಾರ್ಫಿನ್ ಮಾತ್ರೆಗೂ ಅವರನ್ನೇ ಕೇಳಿ.

ಬರುವ ನರ್ಸು ಮಲಯಾಳ ಮಾತಾಡುವವರಾಗಿರಬಹುದು. ಅದು ಬಾರದವರು ಮನೆಯಲ್ಲಿದ್ದರೆ ಪಕ್ಕದಲ್ಲಿ ಬಲ್ಲವರು ಯಾರಾದರೂ ನಿಂತಿರಲಿ. ಒಮ್ಮೆ ನಮ್ಮ ಸಿಸ್ಟರ್ ‘ಶ್ವಾಸಂ ಮುಟ್ಟಲುಂಡೋ?’ ಅಂತ ಕೇಳಿದ್ದರು, ಉಬ್ಬಸ ಇದೆಯಾ ಅಂತ. ಅಜ್ಜಿ ‘ಮುಟ್ಟಿ ನೋಡಿ ಮಗಳೇ, ಮೆಲ್ಲ’ ಅಂದರು. ಸಾಯುತ್ತಿದ್ದ ಅಜ್ಜನ ಕೋಣೆಯಲ್ಲಿ ಎಲ್ಲರಿಗೂ ನಗು ಬಂತು.

ಉಸಿರು ನಿಂತ ಮೇಲೆ ಸೈರನ್ ಬೇಕಾಗಿಲ್ಲ. ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ ನಾವು ತಲುಪುವಾಗಲೇ ಮುಗಿದಿತ್ತು. ಮಗ ಕೇಳಿದ್ದು ಒಂದೇ: ‘ನಿನ್ನೆಯೇ ಕರೆದಿದ್ದರೆ ಉಳಿಯುತ್ತಿದ್ದರಾ?’ ಕಾಗದ ಓದಿ, ‘ಇಲ್ಲ’ ಅಂದೆ. ಅದನ್ನು ಮೂರು ಸಲ ಹೇಳಬೇಕಾಯಿತು. ಆಮೇಲೆ ಜಗಲಿಯಲ್ಲಿ ಸುಮ್ನೆ ಕೂತೆ. ಅವರ ಅಮ್ಮ ಹಾಲು ಹಾಕದ ಕಣ್ಣ ಕಾಪಿ ತಂದುಕೊಟ್ಟರು, ಬೆಲ್ಲ ಹಾಕಲು ಮರೆತಿದ್ದರು. ಕುಡಿದೆ.

ಮರಣವನ್ನು 21 ದಿನದೊಳಗೆ ಪಂಚಾಯತಿನಲ್ಲಿ ದಾಖಲಿಸಬೇಕು. ಅದು ಆಮೇಲಿನ ಮಾತು. ಈಗ ಅಪ್ಪನ ಹತ್ತಿರ ಕೂತು ಮಾತಾಡಿ. ಕಣ್ಣು ಬಿಡದಿದ್ದರೂ ಕೇಳಿಸುತ್ತಿರಬಹುದು.