ಗಲ್ಲಾದಲ್ಲಿ ಕೂತು ಕಲಿಯುವ ವೈದ್ಯಕೀಯ

ಡೊಂಬಿವಲಿಯ ಅಣ್ಣನವರಿಗೆ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಮಗಳು ಬಿ.ಫಾರ್ಮಾ ಮುಗಿಸಿ ಈಗ ಆಸ್ಪತ್ರೆ, ಔಷಧಿ ವಿಷಯದಲ್ಲೇ ಎಂಬಿಎ ಮಾಡುತ್ತೇನೆ ಅನ್ನುತ್ತಾಳೆ. "ರೋಗಿಗಳ ಹೆಸರಲ್ಲಿ ವ್ಯಾಪಾರ ಕಲಿಯುವುದೂ ಒಂದು ಓದಾ?" ಇದು ನಿಮ್ಮ ಸಿಟ್ಟು.

ನೀವು ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಭಟ್ಟರ ಕೈರುಚಿ ಎಷ್ಟೇ ಚೆನ್ನಾಗಿದ್ದರೂ ಹಾಲು ಎಷ್ಟು ತರಿಸಬೇಕು, ಹಿಟ್ಟು ಎಷ್ಟು ರುಬ್ಬಬೇಕು ಅನ್ನುವ ಲೆಕ್ಕ ತಪ್ಪಿದರೆ ಬಾಗಿಲು ಹಾಕಬೇಕಾಗುತ್ತದೆ, ಅಲ್ವಾ? ನಮ್ಮ ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿಯವರ ಬೆಂಗಳೂರಿನ ಹೃದಯದ ಆಸ್ಪತ್ರೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪಾಠವಾಗಿದೆ. ಅಲ್ಲಿನ ಗುಟ್ಟು ನಿಮಗೆ ಹೊಸದಲ್ಲ. ದಿನಕ್ಕೆ ಆಪರೇಶನ್ ಜಾಸ್ತಿ ಆದಷ್ಟೂ ಒಂದೊಂದರ ಖರ್ಚು ಕಮ್ಮಿ. ಟೇಬಲ್ ಖಾಲಿ ಬಿಡಬಾರದು, ಅಷ್ಟೇ!

ಔಷಧಿಯ ಬೆಲೆಯದ್ದು ಇನ್ನೂ ದೊಡ್ಡ ಕತೆ. 2001ರಲ್ಲಿ ಮುಂಬಯಿಯದೇ ಔಷಧಿ ಕಂಪನಿ ಸಿಪ್ಲಾ, ಏಡ್ಸ್‌ಗೆ ಕೊಡುವ ಮೂರು ಔಷಧಿಗಳನ್ನು ಸೇವಾ ಸಂಸ್ಥೆಗೆ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿನಂತೆ ಕೊಡುತ್ತೇನೆ ಅಂದಿತು. ಹೊರಗಿನ ದೊಡ್ಡ ಕಂಪನಿಗಳ ಔಷಧಿಗೆ ಆಗ 10,000 ಡಾಲರಿಗೂ ಜಾಸ್ತಿ ಆಗುತ್ತಿತ್ತು. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧಿ ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟ್, ಅಂದರೆ ಬೇರೆಯವರು ಅದನ್ನು ಬಳಸದಂತೆ ತಡೆಯುವ ಹಕ್ಕು, ಕೊಡುತ್ತಿತ್ತು, ಔಷಧಿಗೇ ಅಲ್ಲ. ಹಾಗಾಗಿ ಬೇರೆ ದಾರಿಯಲ್ಲಿ ಅದನ್ನೇ ತಯಾರಿಸಬಹುದಿತ್ತು. 2005ರಲ್ಲಿ ಆ ನಿಯಮ ಬದಲಾಯಿತು. ಗುಳಿಗೆಯೊಳಗೆ ಏನಿದೆ ಅಂತ ಮಗಳು ಕಲಿತಾಗಿದೆ, ಅದಕ್ಕೆ ಈ ಬೆಲೆ ಯಾಕೆ ಅಂತ ಕಲಿಯುವುದು ಬಾಕಿ.

ಕಳೆದ ವರ್ಷ ನನ್ನ ತಂಗಿಗೆ ಡಾಕ್ಟರು ಬೆಳಿಗ್ಗೆ ಹತ್ತಕ್ಕೆ "ಮನೆಗೆ ಹೋಗಿ" ಅಂದರು. ವಿಮೆಯವರ ಒಪ್ಪಿಗೆ ಬಂದು ಬಿಲ್ ಕೈಗೆ ಸಿಗುವಾಗ ಸಂಜೆ ಆರು. ಅಷ್ಟು ಹೊತ್ತು ಹೊರಗೆ ಇನ್ನೊಬ್ಬ ರೋಗಿ ಅದೇ ಹಾಸಿಗೆಗೆ ಕಾಯುತ್ತಿದ್ದ. ಇದನ್ನು ಸರಿ ಮಾಡಲು ಡಾಕ್ಟರು ಬೇಕಿಲ್ಲ, ಲೆಕ್ಕ ಗೊತ್ತಿರುವವರು ಬೇಕು.

ಇನ್ನು ಕಾಲೇಜು. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಆಸ್ಪತ್ರೆ ಆಡಳಿತದ ಓದಿದೆ, ವಿಲೇಪಾರ್ಲೆಯ ಎನ್‌ಎಂಐಎಂಎಸ್‌ನದು ಔಷಧಿ ಉದ್ಯಮದ ಕಡೆ, ದೂರ ಕಳಿಸುವ ಧೈರ್ಯವಿದ್ದರೆ ಸಾಂಖಳಿಯ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನಲ್ಲೂ ಇದೆ. ಆಸ್ಪತ್ರೆಯೋ ಕಂಪನಿಯೋ ಅಂತ ಅವಳು ಮೊದಲು ತೀರ್ಮಾನಿಸಲಿ. ಸುಮ್ನೆ ಜಾಹೀರಾತಿನ ಸಂಬಳ ನೋಡಿ ಫೀಸು ಕಟ್ಟಬೇಡಿ, ಹಿಂದಿನ ವರ್ಷ ಓದಿದ ನಾಲ್ಕು ಜನರನ್ನು ಕೇಳಿ. ನನ್ನ ಕೇಳಿದರೆ ಒಂದು ವರ್ಷ ಕೆಲಸ ಮಾಡಿಯೇ ಸೇರುವುದು ಒಳ್ಳೆಯದು. ಕೆಲಸ ಸಿಗುವವರೆಗೆ ನಿಮ್ಮ ಗಲ್ಲಾದಲ್ಲೇ ಕೂರಿಸಿ. ಸಂಬಳ ಮಾತ್ರ ಕೊಡಿ ಮಾರಾಯರೇ.