ಓದುಗರ ಪ್ರಶ್ನೆ: ಆದೇಶ ಕೈಗೆ ಬರುವ ಮುನ್ನ

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿ ನಾಲ್ಕು ವರ್ಷ ಆಯಿತು. ಜರ್ಮನಿಯಲ್ಲಿ ಪಿಎಚ್‌.ಡಿ. ಮಾಡಲು ಫೆಲೋಶಿಪ್ ಸಿಕ್ಕಿದೆ, ಮುಂದಿನ ತಿಂಗಳೇ ಸೇರಬೇಕು. ‘ನೀವು ಹೊರಡಿ ಮೇಡಂ, ಸಿಂಡಿಕೇಟ್‌ನಲ್ಲಿ ಆಮೇಲೆ ಮಾಡಿಸೋಣ’ ಎನ್ನುತ್ತಾರೆ ವಿಭಾಗದ ಮುಖ್ಯಸ್ಥರು. ಹೊರಡಲೇ?

ಉತ್ತರ: ದಯವಿಟ್ಟು ಬೇಡ. ಮುಖ್ಯಸ್ಥರು ಶಿಫಾರಸು ಮಾಡಬಲ್ಲರು, ರಜೆ ಮಂಜೂರು ಮಾಡಲಾರರು; ಅದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಕೆಲಸ. ಆದೇಶವಿಲ್ಲದೆ ಕಳೆದ ದಿನಗಳು ಕಡತದಲ್ಲಿ ಅನಧಿಕೃತ ಗೈರುಹಾಜರಿ ಆಗಿಬಿಡುತ್ತವೆ. ಅದನ್ನು ಸರಿಪಡಿಸಿಕೊಳ್ಳಲು ವರ್ಷಗಟ್ಟಲೆ ಅಲೆಯಬೇಕಾದೀತು.

ಅರ್ಹತೆಗೆ ತೊಡಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಅಧ್ಯಯನ ರಜೆಗೆ ಕನಿಷ್ಠ 3 ವರ್ಷದ ನಿರಂತರ ಸೇವೆ ಸಾಕು. ಮೊದಲಿಗೆ 2 ವರ್ಷ ಕೊಡುತ್ತಾರೆ; ಪ್ರಗತಿ ಸಾಕಷ್ಟಿದೆ ಎಂದು ಮಾರ್ಗದರ್ಶಕರು ವರದಿ ಕೊಟ್ಟರೆ ಇನ್ನೂ 1 ವರ್ಷ. ಗಳಿಕೆ ರಜೆ, ಅಸಾಧಾರಣ ರಜೆಗಳನ್ನು ಜೋಡಿಸಿಕೊಂಡರೂ ಒಟ್ಟು ಗೈರು 3 ವರ್ಷ ದಾಟುವಂತಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರಬಂಧ ನಾಲ್ಕು ವರ್ಷಕ್ಕೆ ಎಳೆಯುವಂತಿದ್ದರೆ ಅದನ್ನು ಮಾರ್ಗದರ್ಶಕರೊಂದಿಗೆ ಈಗಲೇ ಮಾತಾಡಿಕೊಳ್ಳಿ.

ಅರ್ಜಿಯೊಂದಿಗೆ ಪ್ರವೇಶ ಪತ್ರ, ಫೆಲೋಶಿಪ್ ಮೊತ್ತ ನಮೂದಿಸಿರುವ ಪತ್ರ, ಆರಾರು ತಿಂಗಳಿಗೆ ವಿಂಗಡಿಸಿದ ಅಧ್ಯಯನ ಯೋಜನೆ ಮತ್ತು ವಿಭಾಗದ ಸಭೆಯ ನಡಾವಳಿ ಇರಲಿ. ನಿಮ್ಮ ಪಾಠಗಳನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬ ಕಾರ್ಯಭಾರದ ಹಾಳೆ ಇಲ್ಲದಿದ್ದರೆ ಕಡತ ಮರಳಿ ಬರುವುದೇ ಹೆಚ್ಚು. ಫೆಲೋಶಿಪ್ ಹಣವನ್ನು ಮುಚ್ಚಿಡಬೇಡಿ. ಅದರಿಂದ ರಜೆ ತಪ್ಪುವುದಿಲ್ಲ. ವೇತನ ಎಷ್ಟು ಎಂಬ ಲೆಕ್ಕಕ್ಕೆ ಮಾತ್ರ ಅದು ಬರಬಹುದು.

ಮರಳಿ ಬಂದ ಮೇಲೆ ಕನಿಷ್ಠ 3 ವರ್ಷ ಇಲ್ಲೇ ಸೇವೆ ಸಲ್ಲಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಅದಕ್ಕೆ ಭದ್ರತೆಯಾಗಿ ಸ್ಥಿರಾಸ್ತಿ, ವಿಮಾ ಕಂಪನಿಯ ಬಾಂಡ್, ಬ್ಯಾಂಕ್ ಗ್ಯಾರಂಟಿ ಅಥವಾ ಇಬ್ಬರು ಕಾಯಂ ಶಿಕ್ಷಕರ ಜಾಮೀನು ಬೇಕು. ಜಾಮೀನು ಹಾಕುವ ಸಹೋದ್ಯೋಗಿಗಳಿಗೆ ಮೊತ್ತ ಎಷ್ಟೆಂದು ಬಿಡಿಸಿ ಹೇಳಿ. ನೀವು ಮರಳದಿದ್ದರೆ ವಸೂಲಿಗೆ ಅವರ ಬಾಗಿಲನ್ನೇ ತಟ್ಟುತ್ತಾರೆ. ಹೋದ ಮೇಲೆ ಪ್ರತಿ ಆರು ತಿಂಗಳ ಪ್ರಗತಿ ವರದಿ ಒಂದು ತಿಂಗಳೊಳಗೆ ಕುಲಸಚಿವರಿಗೆ ತಲುಪಬೇಕು.

ಸಿಂಡಿಕೇಟ್ ಸಭೆ ದೂರವಿದ್ದರೆ ಕುಲಪತಿಗಳು ತುರ್ತು ಅಧಿಕಾರ ಬಳಸಿ ಆದೇಶಿಸಿ, ಸಭೆಗೆ ವರದಿ ಮಾಡಲು ದಾರಿಯಿದೆ. ಆಗಲೂ ಕುಲಸಚಿವರ ಸಹಿಯ ಆದೇಶ ಪಡೆದೇ ಟಿಕೆಟ್ ಮಾಡಿಸಿ. ಮುಂದಿನ ಸಭೆಯ ನಡಾವಳಿಯಲ್ಲಿ ಘಟನೋತ್ತರ ಅನುಮೋದನೆ ದಾಖಲಾಗಿದೆಯೇ ಎಂದು ಸಹೋದ್ಯೋಗಿಯೊಬ್ಬರಿಂದ ವಿಚಾರಿಸಿಕೊಳ್ಳಿ. ಇಷ್ಟಕ್ಕೂ ಸಮಯ ಸಾಲದಿದ್ದರೆ ಸೇರುವ ದಿನ ಮುಂದೂಡಲು ಅಲ್ಲಿಯ ಮಾರ್ಗದರ್ಶಕರನ್ನು ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಸಬ್ಬಾಟಿಕಲ್ ರಜೆಯಲ್ಲಿ (ಹಿರಿಯ ಬೋಧಕರಿಗೆ ಅಧ್ಯಯನ, ಸಂಶೋಧನೆಗೆ ಸಿಗುವ ದೀರ್ಘ ರಜೆ) ವಿದೇಶದಲ್ಲಿ ಕೆಲಸ ಮಾಡಬಹುದೇ?

ಉತ್ತರ: ಕಾಯಂ ನೌಕರಿ ಹಿಡಿಯುವಂತಿಲ್ಲ. ಫೆಲೋಶಿಪ್ ಅಥವಾ ಗೌರವಧನದ ತಾತ್ಕಾಲಿಕ ಬೋಧನೆಗೆ ಅನುಮತಿ ಸಿಗುತ್ತದೆ. ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕರಾಗಿ 7 ವರ್ಷ ಸೇವೆ ಆಗಿರಬೇಕು. ಒಮ್ಮೆಗೆ 1 ವರ್ಷ, ಇಡೀ ಸೇವೆಯಲ್ಲಿ 2 ವರ್ಷ.

ಪ್ರಶ್ನೆ: ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದೆ. ನನ್ನ ಶೈಕ್ಷಣಿಕ ಅಂಕ 87. ನನಗಿಂತ ಕಡಿಮೆ ಅಂಕದವರು ಆಯ್ಕೆಯಾದರು. ಇದು ಅನ್ಯಾಯವಲ್ಲವೇ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಬರೀ ಆ ಅಂಕ ಹಿಡಿದು ಹೋರಾಡಲು ಬರುವುದಿಲ್ಲ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಈ ಅಂಕ ಕೊಡುವ ಕೋಷ್ಟಕ ಸಂದರ್ಶನಕ್ಕೆ ಕರೆಯುವವರ ಪಟ್ಟಿ ಮಾಡಲಷ್ಟೇ. ಅದರ ಪ್ರಕಾರ ಅಂತಿಮ ಆಯ್ಕೆ ಸಂದರ್ಶನದ ಮೇಲೆ. ನಿಮ್ಮ ಅಧಿಸೂಚನೆಯಲ್ಲಿ ಬೇರೆ ಸೂತ್ರ ಕೊಟ್ಟಿದ್ದಾರೆಯೇ ಎಂದು ಮಾತ್ರ ಮೊದಲು ಓದಿ ನೋಡಿ.

ಅಂಕಗಳನ್ನೂ ಒಮ್ಮೆ ತಾಳೆ ಹಾಕಿಕೊಳ್ಳಿ. ಪದವಿಯಲ್ಲಿ ಶೇ 62 ಇದ್ದರೆ 13, ಸ್ನಾತಕೋತ್ತರದಲ್ಲಿ ಶೇ 68 ಇದ್ದರೆ 23, ಪಿಎಚ್‌.ಡಿ.ಗೆ 30, ನೆಟ್‌ಗೆ 5, ಐದು ಸಂಶೋಧನಾ ಲೇಖನಕ್ಕೆ 10, ಮೂರು ವರ್ಷದ ಬೋಧನೆಗೆ 6: ಒಟ್ಟು 87. ಆರನೆಯ ಲೇಖನಕ್ಕೆ ಏನೂ ಸೇರದು, ಗರಿಷ್ಠ 10 ಮಾತ್ರ. ಪಿಎಚ್‌.ಡಿ. ಇದ್ದವರಿಗೆ ಎಂ.ಫಿಲ್‌.ನಿಂದ ಹೆಚ್ಚುವರಿ ಅಂಕವಿಲ್ಲ, ಎರಡೂ ಸೇರಿ 30.

ಕೆದಕಬೇಕಾದದ್ದು ಆಯ್ಕೆ ಸಮಿತಿಯ ನಡಾವಳಿಯನ್ನು. ಕುಲಪತಿಗಳ ಅಧ್ಯಕ್ಷತೆಯ ಸಮಿತಿಯಲ್ಲಿ ವಿಷಯ ತಜ್ಞರು ಮೂವರು ಇರಬೇಕು. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ನಾಲ್ಕು, ಅದರಲ್ಲಿ ಹೊರಗಿನ ತಜ್ಞರು ಇಬ್ಬರಾದರೂ ಕೂತಿರಬೇಕು. ಸಂದರ್ಶನ ಮುಗಿದ ದಿನವೇ ಅಂಕಪಟ್ಟಿ, ಆಯ್ಕೆ ಪಟ್ಟಿ, ನಿರೀಕ್ಷಣಾ (ವೇಟಿಂಗ್) ಪಟ್ಟಿಗಳಿಗೆ ಎಲ್ಲ ಸದಸ್ಯರೂ ಸಹಿ ಹಾಕಬೇಕು. ತಜ್ಞರೊಬ್ಬರೇ ಬಂದಿದ್ದರೆ, ಸಹಿ ಮೂರು ದಿನ ಬಿಟ್ಟು ಬಿದ್ದಿದ್ದರೆ, ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇವುಗಳ ಪ್ರತಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ‘ನನ್ನನ್ನು ಏಕೆ ಆಯ್ಕೆ ಮಾಡಲಿಲ್ಲ’ ಎಂದು ಬರೆಯಬೇಡಿ, ಅದಕ್ಕೆ ಉತ್ತರ ಬಾರದು. ‘ಇಂಥ ದಿನದ ಸಭೆಯ ಹಾಜರಾತಿ ಹಾಳೆಯ ಪ್ರತಿ’ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ.

ಪ್ರಶ್ನೆ: ವಿದೇಶಿ ವಿಶ್ವವಿದ್ಯಾಲಯದೊಂದಿಗೆ ನಮ್ಮವರು ಎಂಒಯು ಮಾಡಿಕೊಂಡಿದ್ದಾರೆ. ಈ ವರ್ಷವೇ ಜಂಟಿ ಪದವಿಗೆ ಪ್ರವೇಶ ಕೊಡಬಹುದೇ?

ಉತ್ತರ: ಎಂಒಯು ಎಂದರೆ ಒಟ್ಟಿಗೆ ಕೆಲಸ ಮಾಡುವ ಇಚ್ಛೆಯ ಪತ್ರವಷ್ಟೇ. ಪದವಿಗೆ ಯುಜಿಸಿಯ 2022ರ ಸಹಯೋಗ ನಿಯಮಾವಳಿ ಬೇರೆಯೇ ಇದೆ. ನಮ್ಮ ಸಂಸ್ಥೆಗೆ ಗುಣಮಟ್ಟದ ಮಾನ್ಯತೆ ಕೊಡುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ, ಇಲ್ಲವೇ ರಾಷ್ಟ್ರೀಯ ರ್‍ಯಾಂಕಿಂಗ್ ಪಟ್ಟಿಯಾದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ವಿಭಾಗದ ಮೊದಲ 100ರಲ್ಲಿ ಸ್ಥಾನ, ಇಲ್ಲವೇ ಶ್ರೇಷ್ಠ ಸಂಸ್ಥೆಯ ಮಾನ್ಯತೆ ಇದ್ದು, ಆ ಕಡೆಯವರು ಕ್ಯೂಎಸ್ ಅಥವಾ ಟೈಮ್ಸ್ ಜಾಗತಿಕ ರ್‍ಯಾಂಕಿಂಗ್ ಪಟ್ಟಿಯ ಮೊದಲ 1000ದಲ್ಲಿದ್ದರೆ ಯುಜಿಸಿಯ ಪೂರ್ವಾನುಮತಿ ಬೇಕಿಲ್ಲ. ಆನ್‌ಲೈನ್, ದೂರಶಿಕ್ಷಣ ಕೋರ್ಸ್‌ಗಳಿಗೆ ಇದು ಅನ್ವಯಿಸದು.

ಟ್ವಿನ್ನಿಂಗ್‌ನಲ್ಲಿ, ಅಂದರೆ ಓದಿನ ಒಂದು ಭಾಗವನ್ನು ಅಲ್ಲಿ ಮುಗಿಸುವ ವ್ಯವಸ್ಥೆಯಲ್ಲಿ, ಪದವಿ ನಮ್ಮದೇ. ಹೊರಗಿನ ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಘಟಕ) ಶೇ 30 ಮೀರುವಂತಿಲ್ಲ. ಜಂಟಿ ಪದವಿಯಲ್ಲಿ ಎರಡೂ ಕಡೆಯಿಂದ ತಲಾ ಕನಿಷ್ಠ ಶೇ 30, ಪ್ರಮಾಣಪತ್ರ ಒಂದೇ. ದ್ವಿಪದವಿಯಲ್ಲಿ ಪ್ರಮಾಣಪತ್ರ ಎರಡು. ನಮ್ಮಲ್ಲಿ ಕನಿಷ್ಠ ಶೇ 30 ಗಳಿಸಲೇಬೇಕು.

ಲೆಕ್ಕ ತಪ್ಪುವುದು ಪರಿವರ್ತನೆಯಲ್ಲಿ. ಯುರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ನಮ್ಮಲ್ಲಿ 40. ನಮ್ಮ 160 ಕ್ರೆಡಿಟ್‌ನ ನಾಲ್ಕು ವರ್ಷದ ಪದವಿಗೆ ಶೇ 30 ಎಂದರೆ 48. ಅಲ್ಲಿಯ ಲೆಕ್ಕದಲ್ಲಿ ಅದೇ 72. ಅಲ್ಲಿ 48 ಕ್ರೆಡಿಟ್ ಗಳಿಸಿ ಬಂದ ವಿದ್ಯಾರ್ಥಿಗೆ ಇಲ್ಲಿ ಸಿಗುವುದು 32. ಆದ್ದರಿಂದ ಪರಿವರ್ತನಾ ಕೋಷ್ಟಕವನ್ನು ಅಧ್ಯಯನ ಮಂಡಳಿಯಲ್ಲಿ ವಿಷಯವಾರು ಸಿದ್ಧಪಡಿಸಿ, ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಪಡೆದು, ಸಿಂಡಿಕೇಟ್ ನಿರ್ಣಯಕ್ಕೆ ಅನುಬಂಧವಾಗಿ ಸೇರಿಸಿ. ವೀಸಾ ಸಿಗದೆ ಅಥವಾ ಹಣ ಸಾಲದೆ ಅರ್ಧಕ್ಕೆ ನಿಂತ ವಿದ್ಯಾರ್ಥಿ ಯಾವ ಪದವಿಗೆ ಹೊರಳಬೇಕು ಎಂಬುದೂ ಅದೇ ಒಪ್ಪಂದದಲ್ಲಿ ಬರೆದಿರಬೇಕು. ಅಷ್ಟಾಗುವವರೆಗೆ ಪ್ರವೇಶದ ಜಾಹೀರಾತು ಹೊರಡಿಸಬೇಡಿ.